ಡಬ್ಬಿಯಲ್ಲಿ ಉಳಿದ ತೊಂಬತ್ತು ಅಡಿ

ಹರಿದ ಫಿಲ್ಮಿನ ಅಂಚು ಕಟ್ಟುವುದು ಕಷ್ಟದ ಕೆಲಸವಲ್ಲ, ಬೇಸರದ ಕೆಲಸ. ಫಿಲ್ಮಿನ ಎರಡೂ ಅಂಚಿಗೆ ಸಾಲಾಗಿ ತೂತುಗಳಿರುತ್ತವೆ. ಯಂತ್ರದ ಹಲ್ಲುಗಾಲಿ ಆ ತೂತುಗಳನ್ನು ಹಿಡಿದು ಫಿಲ್ಮನ್ನು ಕೆಳಗೆ ಎಳೆಯುತ್ತದೆ. ತೂತು ಹರಿದರೆ ರದ್ದಿ ಫಿಲ್ಮಿನಿಂದ ಅಂಚು ಕತ್ತರಿಸಿಕೊಂಡು, ಬ್ಲೇಡಿನಿಂದ ಮೇಲಿನ ಮಸಿ ಹೆರೆದು, ಅಂಟು ಸವರಿ, ತೂತಿಗೆ ತೂತು ಕೂಡಿಸಿ, ಹತ್ತು ಎಣಿಸುವ ತನಕ ಒತ್ತಿ ಹಿಡಿಯಬೇಕು. ಆಮೇಲೆ ಮುಂದಿನದು. ಹಾಗೆ ಮೂವತ್ತು ಕಡೆ ಹರಿದಿದ್ದರೆ ಅರ್ಧ ದಿನ ಬೇಕು. ಆ ಅರ್ಧ ದಿನ ಕೂರಲು ನನಗೆ ಮೈಗಳ್ಳತನ. ಬರೀ ಮೈಗಳ್ಳತನ ಅಂದರೂ ಸುಳ್ಳಾಗುತ್ತದೆ. ಸೊಕ್ಕೂ ಇತ್ತು.

ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷ ಆಗಿತ್ತು, ಬಳ್ಳಾರಿ ಇನ್ನೂ ಮದರಾಸಿಗೇ ಸೇರಿತ್ತು. ನಾನು ಒಂದು ಡೇರೆ ಸಿನೆಮಾದಲ್ಲಿ ಆಪರೇಟರ್. ಮಾಲೀಕನನ್ನು ಎಲ್ಲರೂ ಸಾಹುಕಾರ ಅನ್ನುತ್ತಿದ್ದರು. ಹೆಸರಿಗೆ ಸಾಹುಕಾರ, ತಾನೇ ಲಾರಿ ಹೊಡೆಯುತ್ತಿದ್ದ, ತಾನೇ ಗೂಟ ಬಡಿಯುತ್ತಿದ್ದ. ಆ ವರ್ಷ ನಮ್ಮ ಕೈಗೆ ಒಂದು ತೆಲುಗು ಭಕ್ತಿ ಚಿತ್ರ ಸಿಕ್ಕಿತ್ತು. ಬಳ್ಳಾರಿ ಸೀಮೆಯಲ್ಲಿ ತೆಲುಗು ತಿಳಿಯದವರು ಯಾರು? ದೇವಿ ಕಣ್ಣು ಬಿಡುವ ಹೊತ್ತಿಗೆ ಹೆಂಗಸರು ಎದ್ದು ಪರದೆಗೆ ಕರ್ಪೂರ ಬೆಳಗುತ್ತಿದ್ದರು, ತೆಂಗಿನಕಾಯಿ ಒಡೆಯುತ್ತಿದ್ದರು. ಕಾಯಿ ಒಡೆಯಲಿಕ್ಕೆಂದು ಪರದೆಯ ಕೆಳಗೆ ಒಂದು ಕಲ್ಲನ್ನು ನಾವೇ ಇಡುತ್ತಿದ್ದೆವು. ಊರು ಬದಲಾಯಿಸುವಾಗ ಬೆಂಚು, ಕಂಬ, ಎಂಜಿನ್ ಜೊತೆ ಆ ಕಲ್ಲನ್ನೂ ಲಾರಿಗೆ ಹಾಕುತ್ತಿದ್ದೆವು.

ನನ್ನ ಕೋಣೆ ತಗಡಿನದು. ಅದಕ್ಕೆ ಎರಡು ಕಿಂಡಿ. ಒಂದು ಬೆಳಕು ಹೋಗಲಿಕ್ಕೆ, ಇನ್ನೊಂದು ನನ್ನ ಕಣ್ಣಿಗೆ. ಬೇರೆ ಆಪರೇಟರುಗಳು ಆ ಕಿಂಡಿಯಿಂದ ಪರದೆ ನೋಡುತ್ತಿದ್ದರು. ನಾನು ಜನರನ್ನು ನೋಡುತ್ತಿದ್ದೆ. ಯಾವ ಮಾತಿಗೆ ಸೆರಗು ಕಣ್ಣಿಗೆ ಹೋಗುತ್ತದೆ, ಎಲ್ಲಿ ಬೀಡಿ ಹಚ್ಚುತ್ತಾರೆ, ಎಲ್ಲಿ ಕೂಸಿಗೆ ಹಾಲೂಡಲು ತಿರುಗುತ್ತಾರೆ, ಎಲ್ಲಾ ಬಾಯಿಪಾಠ. ‘ಜನರ ಮನಸ್ಸು ನನ್ನ ಅಂಗೈಯಾಗ ಐತಿ ಸಾಹುಕಾರ್ರ’ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಈಗ ನೆನೆಸಿದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆ ಚಿತ್ರದ ಆರನೇ ರೀಲಿನಲ್ಲಿ ಒಬ್ಬ ತಾಯಿ ಜ್ವರ ಬಂದ ಮಗುವನ್ನು ದೇವಿಯ ಮುಂದೆ ಮಲಗಿಸಿ ಹಾಡುತ್ತಾಳೆ. ದೇವಿಯ ಮುಖದಿಂದ ಬೆಳಕು ಬರುತ್ತದೆ. ಆಮೇಲೆ ಒಬ್ಬ ಮುದಿ ವೈದ್ಯ ಬಂದು, ದೇವಿ ಕನಸಿನಲ್ಲಿ ಹೇಳಿ ಕಳಿಸಿದಳು ಎಂದು ನಾಡಿ ಹಿಡಿದು, ಬೇರು ಅರೆದು, ರಸ ಹಿಂಡಿ ಮಗುವಿಗೆ ಕುಡಿಸುತ್ತಾನೆ. ಬೆಳಗಾಗುತ್ತದೆ, ಮಗು ಕಣ್ಣು ಬಿಡುತ್ತದೆ. ವೈದ್ಯನ ಭಾಗ ಒಂದು ನಿಮಿಷದ್ದು. ಒಂದು ನಿಮಿಷ ಅಂದರೆ ತೊಂಬತ್ತು ಅಡಿ ಫಿಲ್ಮು.

ಬಳ್ಳಾರಿಯಲ್ಲಿ ಕೊನೆಯ ದಿನದ ಆಟದಲ್ಲಿ ಸರಿಯಾಗಿ ಅಲ್ಲೇ ಯಂತ್ರ ಕಚ್ಚಿಕೊಂಡಿತು. ಕರಕರ ಎಂದು ಶಬ್ದ. ನಾನು ನಿಲ್ಲಿಸುವಷ್ಟರಲ್ಲಿ ವೈದ್ಯನ ಉದ್ದಕ್ಕೂ ಮೂವತ್ತು ಕಡೆ ತೂತುಗಳು ಕಿತ್ತು ಹೋಗಿದ್ದವು. ಕೆಳಗೆ ಜನ ಸಿಳ್ಳು ಹಾಕುತ್ತಿದ್ದರು. ಹಾಳಾದ ತುಂಡನ್ನು ಪೂರ್ತಿ ಕತ್ತರಿಸಿ ತೆಗೆದು, ಆ ಕಡೆ ಈ ಕಡೆ ಕೂಡಿಸಿ ಅಂಟಿಸಿ ಆಟ ಮುಗಿಸಿದೆ. ತುಂಡನ್ನು ಸುರುಳಿ ಸುತ್ತಿ ಬಿಸ್ಕೀಟಿನ ಡಬ್ಬಿಯಲ್ಲಿಟ್ಟೆ. ಸಿರುಗುಪ್ಪಕ್ಕೆ ಹೋದ ಮೇಲೆ ರಿಪೇರಿ ಮಾಡಿ ಸೇರಿಸಿದರಾಯಿತು ಅಂದುಕೊಂಡೆ.

ಸಿರುಗುಪ್ಪದ ಮೊದಲ ಆಟಕ್ಕೆ ರಿಪೇರಿ ಆಗಿರಲಿಲ್ಲ. ವೈದ್ಯನಿಲ್ಲದ ರೀಲನ್ನೇ ಓಡಿಸಿದೆ. ತಾಯಿ ಹಾಡಿದಳು, ದೇವಿಯ ಮುಖದಿಂದ ಬೆಳಕು ಬಂತು, ಮರುಕ್ಷಣ ಮಗು ಕಣ್ಣು ಬಿಟ್ಟಿತು. ಅಬ್ಬಾ! ಡೇರೆಗೆ ಡೇರೆಯೇ ಎದ್ದು ನಿಂತಿತು. ಬಳ್ಳಾರಿಯಲ್ಲಿ ವೈದ್ಯ ಬೇರು ಅರೆಯುವಾಗ ಬೀಡಿ ಹಚ್ಚುತ್ತಿದ್ದ ಗಂಡಸರು ಇಲ್ಲಿ ಕೈ ಮುಗಿದು ನಿಂತಿದ್ದರು. ಮುಂದಿನ ಸಾಲಿನ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಕಿಂಡಿಯಿಂದ ನೋಡುತ್ತಿದ್ದ ನನ್ನ ಮೈ ಝುಂ ಅಂದಿತು. ಮದರಾಸಿನಲ್ಲಿ ಕೂತು ಚಿತ್ರ ಮಾಡಿದವನಿಗಿಂತ ನನಗೇ ಹೆಚ್ಚು ತಿಳಿದಿದೆ ಅನ್ನಿಸಿಬಿಟ್ಟಿತು.

ಆಟ ಮುಗಿದ ಮೇಲೆ ಸಾಹುಕಾರ ಕೋಣೆಗೆ ಬಂದ. ‘ಏನು ಮಾಡಿದಿಲೇ? ಜನ ಹುಚ್ಚು ಹಿಡಿದಂಗ ಆಡಾಕತ್ಯಾರ.’

‘ವೈದ್ಯನ್ನ ಓಡಿಸಿಬಿಟ್ಟೆ,’ ಅಂದೆ.

‘ಓಡಿಸಿದ್ದು ಚಲೋ ಆತು. ಮತ್ತ ಕರಕೊಂಡು ಬರಬ್ಯಾಡ ಅವನ್ನ.’

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಡಬ್ಬಿ ಮೂಲೆಯಲ್ಲೇ ಉಳಿಯಿತು.

ಸಿರುಗುಪ್ಪದಲ್ಲಿ ಮೂರು ವಾರ ಆಡಿ ಕುರುಗೋಡಿಗೆ ಬಂದೆವು. ಅಲ್ಲಿ ಡೇರೆ ಹಾಕಿ ನಾಲ್ಕನೇ ದಿನವೋ ಐದನೇ ದಿನವೋ, ಬೆಳಿಗ್ಗೆ ನಾನು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಡೇರೆಯೊಳಗೆ ಯಾರೋ ಹಾಡುವ ದನಿ ಕೇಳಿಸಿತು. ಆರನೇ ರೀಲಿನ ಹಾಡು. ಒಡಕು ದನಿ, ಆದರೆ ಒಂದು ಮಾತೂ ತಪ್ಪಿರಲಿಲ್ಲ. ಇಳಿದು ಹೋಗಿ ನೋಡಿದೆ. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು ಖಾಲಿ ಪರದೆಯ ಮುಂದೆ ಕೂತಿದ್ದಳು. ಕಾಯಿ ಒಡೆಯುವ ಕಲ್ಲಿನ ಪಕ್ಕದಲ್ಲಿ ಕೌದಿ ಹಾಸಿ ನಾಲ್ಕು ವರ್ಷದ ಹುಡುಗಿಯನ್ನು ಮಲಗಿಸಿದ್ದಳು. ಹುಡುಗಿಯ ಎದೆ ಗೊರಗೊರ ಅನ್ನುತ್ತಿತ್ತು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಗುಂಡಿ ಬೀಳುತ್ತಿತ್ತು. ಹಣೆ ಮುಟ್ಟಿದರೆ ಕಾದ ಹಂಚು.

ಹೊರಗೆ ಬಂಡಿ ಬಿಟ್ಟುಕೊಂಡು ಅವಳ ಅಪ್ಪ ಕೂತಿದ್ದ. ಸಿರಿಗೇರಿ ಹಳ್ಳಿಯವರು. ‘ನಾಲ್ಕು ದಿನ ಆತ್ರಿ ಜ್ವರ ಬಂದು,’ ಅಂದ ಮುದುಕ. ‘ಬಳ್ಳಾರಿ ದವಾಖಾನಿಗೆ ಹೋಗೂಣು ಅಂತ ಬಂಡಿ ಕಟ್ಟಿದೆ. ಇಲ್ಲೀತನಕ ಬಂದು, ಬಸ್ಸು ಹತ್ತು ಮಗಳ ಅಂದ್ರ, ಕೂಸಿನ್ನ ಎತ್ತಿಕೊಂಡು ನಿಮ್ಮ ಡೇರೇಕ ನುಗ್ಗಿದ್ಲು. ಸಿರುಗುಪ್ಪದಾಗ ನಿಮ್ಮ ಆಟ ನೋಡ್ಯಾಳ್ರಿ. ಅಮ್ಮನ ಮುಂದ ಮಲಗಿಸಿದ್ರ ಏಳತೈತಿ ಅಂತಾಳ.’

ಆಗ ಬಂದ ಮೊದಲ ಭಾವನೆ ಕನಿಕರವಲ್ಲ, ಸಿಟ್ಟು. ಒಳಗೆ ಹೋದವನೇ ಕೂಗಾಡಿದೆ. ‘ಏನವ್ವ, ತಲಿ ಕೆಟ್ಟೈತೇನು ನಿನಗ? ಅದು ಬರೀ ಬಟ್ಟಿ. ಆಕಿ ದೇವಿ ಅಲ್ಲ, ಮುಖಕ್ಕ ಬಣ್ಣ ಹಚ್ಚಿಕೊಂಡ ಹೆಂಗಸು. ಪಗಾರ ತಗೊಂಡು ಮನಿಗೆ ಹೋಗ್ಯಾಳ.’

ಅವಳು ಹಾಡು ನಿಲ್ಲಿಸಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಅಷ್ಟೂ ತಿಳಿಯಂಗಿಲ್ಲೇನಪಾ ನನಗ? ನಮ್ಮೂರಾಗ ಬಯಲಾಟ ಆಡತಾರ. ಬಡಿಗೇರ ಮನಿ ಗಂಡಸು ದೇವಿ ವೇಷ ಹಾಕತಾನ. ದಿನಾ ನಮ್ಮ ಹೊಲದ ನೇಗಿಲ, ಕುಂಟಿ ರಿಪೇರಿ ಮಾಡಾಂವ. ಆದ್ರ ಬಣ್ಣ ಹಚ್ಚಿಕೊಂಡು ಕಿರೀಟ ಇಟ್ಟ ಮ್ಯಾಲೆ ಆತನ ಹೆಂಡತೀನ ಆತನ ಕಾಲಿಗೆ ಬೀಳತಾಳ. ಬಣ್ಣ ಯಾರು ಹಚ್ಚಿದ್ರೇನು, ಒಳಗ ಬರಾಕಿ ಬರತಾಳ.’

ನಾನೂ ಬಯಲಾಟ ನೋಡಿ ಬೆಳೆದವನೇ. ವೇಷಕ್ಕೆ ಕೈ ಮುಗಿದವನೇ.

ಹುಡುಗಿಯನ್ನು ಎತ್ತಿಕೊಳ್ಳಲು ಬಗ್ಗಿದೆ. ತಾಯಿ ಕಿರುಚಿದಳು. ಅಷ್ಟರಲ್ಲಿ ಬಾವಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸಿ ಒಳಗೆ ಬಂದಿದ್ದರು. ‘ಮುಟ್ಟಿದ್ರ ನೋಡು! ಅಮ್ಮನ ಮುಂದ ಹಾಕಿದ ಕೂಸು ಅದು,’ ಎಂದು ನನ್ನ ಮೇಲೆಯೇ ಏರಿ ಬಂದರು. ಸಾಹುಕಾರನ ಹತ್ತಿರ ಓಡಿದೆ. ಲಾರಿ ತೆಗೀರಿ, ಬಲವಂತವಾಗಿಯಾದರೂ ಒಯ್ಯೋಣ ಅಂದೆ.

‘ಊರ ಹೆಂಗಸರ ಕೈಲೆ ಕಸಬರಿಗಿ ಪೂಜಿ ಮಾಡಿಸ್ತೀಯೇನಲೇ?’ ಅಂದ ಸಾಹುಕಾರ. ‘ಆಕಿ ಬರತೀನಿ ಅನ್ಲಿ, ತೆಗೀತೀನಿ. ಎಬ್ಬಿಸಿ ಒಯ್ಯಾಕ ನಾವ್ಯಾರು?’ ಅವನ ಕಣ್ಣು ಮಾತ್ರ ಡೇರೆಯ ಬಾಗಿಲಲ್ಲಿ ಸೇರುತ್ತಿದ್ದ ಜನರ ಮೇಲಿತ್ತು. ಸಂಜೆಯ ಆಟಕ್ಕೆ ಜಾಗ ಸಾಲುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮತ್ತೆ ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕೂತೆ. ಈ ಸಲ ದನಿ ತಗ್ಗಿಸಿದೆ. ‘ತಂಗಿ, ಆ ಚಿತ್ರದಾಗ ದೇವಿ ಸುಮ್ಮಸುಮ್ಮನ ಎಬ್ಬಿಸಂಗಿಲ್ಲ. ವೈದ್ಯನ್ನ ಕಳಿಸ್ತಾಳ. ಆತ ಮದ್ದು ಕುಡಿಸ್ತಾನ. ಆಮ್ಯಾಲೆ ಕೂಸು ಏಳತೈತಿ.’

‘ಇಲ್ಲ,’ ಅಂದಳು. ‘ವೈದ್ಯ ಇಲ್ಲ.’

‘ಅದಾನ.’

‘ನಾ ಮೂರು ಸಲ ನೋಡೀನಿ. ಇಲ್ಲ.’

ನಾನು ಕತ್ತರಿಸಿದೆ ಎಂದು ಹೇಳಲು ಅದೇ ಸಮಯವಾಗಿತ್ತು. ಸುತ್ತ ಇಪ್ಪತ್ತು ಹೆಂಗಸರು ನಿಂತಿದ್ದರು. ಅಮ್ಮನ ಚಿತ್ರಕ್ಕೆ ಕತ್ತರಿ ಹಾಕಿದವನು ಇವನೇ ಎಂದು ತಿಳಿದರೆ ಕೊಡದಲ್ಲೇ ಹೊಡೆಯುತ್ತಾರೆಂಬ ಹೆದರಿಕೆ. ಹೆದರಿ ನಾನು ಆಡಿದ ಮಾತು ಇದು: ‘ನೀ ಕೈ ಮುಗಿಯೂ ಹೊತ್ತಿನಾಗ ಕಣ್ಣು ಮುಚ್ಚಿರಬೇಕವ್ವ. ಒಂದು ನಿಮಿಷದ್ದು ಅದು. ತಪ್ಪಿ ಹೋಗೇತಿ ನಿನಗ.’

ಅವಳ ಮುಖದಲ್ಲಿ ಮೊದಲ ಸಲ ಅನುಮಾನ ಬಂತು. ‘ಹಂಗಾದ್ರ ತೋರಿಸು,’ ಅಂದಳು.

ಒಂಬತ್ತರ ಬಸ್ಸು ಆಗಲೇ ಹೋಗಿತ್ತು. ಇನ್ನೊಂದು, ಅದೇ ಕೊನೆಯದು, ನಾಲ್ಕು ಗಂಟೆಗೆ. ಕೋಣೆಗೆ ಹೋಗಿ ಡಬ್ಬಿ ತೆಗೆದೆ. ಒಂದೊಂದೇ ತೂತು ಕಟ್ಟುತ್ತಾ ಕೂತೆ. ಹೆರೆಯುವುದು, ಸವರುವುದು, ಒತ್ತುವುದು, ಹತ್ತು ಎಣಿಸುವುದು. ಬಿಸಿಲಿಗೆ ತಗಡು ಕಾದು ಅಂಟು ಸೀಸೆಯ ಬಾಯಲ್ಲೇ ಒಣಗುತ್ತಿತ್ತು. ಬೆವರಿನ ಒಂದು ಹನಿ ಬಿದ್ದರೂ ಜೋಡಣೆ ಬಿಚ್ಚಿಕೊಳ್ಳುತ್ತಿತ್ತು. ತಲೆಗೆ ಟವೆಲ್ ಕಟ್ಟಿಕೊಂಡೆ. ಕೆಳಗಿನಿಂದ ಹಾಡು ಕೇಳಿಸುತ್ತಿತ್ತು, ನಡುನಡುವೆ ಹುಡುಗಿಯ ಕೆಮ್ಮು. ಎಣಿಸುವಾಗ ಆ ಕೆಮ್ಮು ಬಂದರೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಎಣಿಸುತ್ತಿದ್ದೆ. ಬಳ್ಳಾರಿಯಲ್ಲಿ ಅಥವಾ ಸಿರುಗುಪ್ಪದಲ್ಲಿ, ಯಾವುದೋ ಒಂದು ಖಾಲಿ ಮಧ್ಯಾಹ್ನ ಬೀಡಿ ಸೇದುತ್ತಾ ಮುಗಿಸಬಹುದಾಗಿದ್ದ ಕೆಲಸ.

ಮೂರು ಗಂಟೆಗೆ ತುಂಡು ರೀಲಿಗೆ ಸೇರಿತು. ಹಾಡುಹಗಲಲ್ಲಿ ಡೇರೆಯ ಪರದೆಯ ಮೇಲೆ ಚಿತ್ರ ಮೂಡುವುದಿಲ್ಲ. ಆದರೆ ನನ್ನ ಕೋಣೆ ಕತ್ತಲೆ. ಕೋಣೆಯ ಎದುರು ಗೋಡೆಗೆ ಸಾಹುಕಾರನ ಬಿಳಿ ಪಂಚೆ ಕಟ್ಟಿದೆ, ಲೆನ್ಸನ್ನು ತುದಿಯ ತನಕ ಹೊರಗೆಳೆದೆ, ಎಂಜಿನ್ ಶುರು ಮಾಡಿದೆ. ಊಟದ ತಟ್ಟೆಯಷ್ಟು ಚಿತ್ರ ಬಿತ್ತು, ಚೊಕ್ಕಾಗಿ ಬಿತ್ತು. ಅವಳನ್ನೂ ಮುದುಕನನ್ನೂ ಒಳಗೆ ಕರೆದು ಆರನೇ ರೀಲು ಓಡಿಸಿದೆ. ವೈದ್ಯ ಬಂದ, ನಾಡಿ ಹಿಡಿದ, ಬೇರು ಅರೆದ, ಕುಡಿಸಿದ.

‘ನೋಡಿದೇನವ್ವ?’ ಅಂದೆ.

ಮುದುಕ ‘ಹೌದಲ್ಲ ಮಗಳ’ ಅಂದ. ಅವಳು ಮಾತ್ರ ಪಂಚೆಯನ್ನು ಕೈಯಲ್ಲಿ ಹಿಡಿದು ನೋಡಿದಳು, ಹಿಂದೆ ಮುಂದೆ ತಿರುಗಿಸಿದಳು, ಬಿಟ್ಟಳು. ‘ಅಮ್ಮ ಅಲ್ಲಿ ಅದಾಳ,’ ಎಂದು ಡೇರೆಯ ಕಡೆ ಕೈ ತೋರಿಸಿದಳು. ‘ಇಲ್ಲಿ ನೀ ಅದೀ.’

ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ಕೋಣೆಯ ಬಾಗಿಲಲ್ಲಿ ನಿಂತು ಅದು ಎಬ್ಬಿಸಿಹೋದ ಧೂಳು ಇಳಿಯುವುದನ್ನೇ ನೋಡುತ್ತಿದ್ದೆ.

ಆ ಹೊತ್ತಿನಲ್ಲಿ ನನಗೊಂದು ವಿಷಯ ಅರ್ಥವಾಯಿತು. ನಾನು ಎರಡು ತುದಿ ತಂದು ಅಂಟಿಸಿದ್ದೆ, ಅಷ್ಟೇ. ಇದರಿಂದಾಗಿಯೇ ಅದು ಆಯಿತು ಎಂಬ ಜೋಡಣೆಯನ್ನು ಜನ ತಮ್ಮ ಮನಸ್ಸಿನೊಳಗೆ ತಾವೇ ಹಾಕಿಕೊಂಡಿದ್ದರು. ಅದನ್ನು ನನ್ನ ಬ್ಲೇಡಿನಿಂದ ಬಿಡಿಸಲಾಗದು. ಮಾತಿನಿಂದಲೂ ಆಗದು. ಎಲ್ಲಿ ನೋಡಿ ನಂಬಿದ್ದರೋ ಅಲ್ಲೇ, ಅಷ್ಟೇ ದೊಡ್ಡದಾಗಿ, ಅಷ್ಟೇ ಜನರ ನಡುವೆ ತೋರಿಸಬೇಕು. ಅಂಗೈಯಲ್ಲಿದೆ ಅಂದುಕೊಂಡಿದ್ದ ಮನಸ್ಸಿನ ಬಗ್ಗೆ ನಾನು ಕಲಿತ ಮೊದಲ ಪಾಠ ಅದು.

ಹೊತ್ತು ಮುಳುಗುವ ತನಕ ಕಾಯಬೇಕಾಯಿತು. ಡೇರೆ ಕಿಕ್ಕಿರಿದಿತ್ತು. ಸುದ್ದಿ ಹಬ್ಬಿ ಸುತ್ತಲ ಹಳ್ಳಿಗಳಿಂದಲೂ ಬಂದಿದ್ದರು. ಹುಡುಗಿ ಕೆಮ್ಮುವುದನ್ನೂ ಬಿಟ್ಟಿದ್ದಳು. ಕ್ರಮವಾಗಿ ಹಾಕಿದರೆ ಆರನೇ ರೀಲಿನ ಸರದಿ ಬರಲು ಒಂದು ಗಂಟೆಗೂ ಮೇಲೆ. ನಾನು ಒಂದನೇ ರೀಲನ್ನು ಪೆಟ್ಟಿಗೆಯಲ್ಲೇ ಬಿಟ್ಟು ಆರನೆಯದನ್ನು ಯಂತ್ರಕ್ಕೆ ಏರಿಸಿದೆ.

ಸಾಹುಕಾರ ಬಾಗಿಲಲ್ಲಿ ನಿಂತಿದ್ದ. ‘ಏಮಿರಾ, ಆರನೇದು ಹಾಕಾಕತ್ತೀ? ಕುಡಿದೀಯೇನು?’

‘ಅದನ್ನ ಮೊದಲು.’

‘ಹೆಸರಿಲ್ಲ, ಗಣಪತಿ ಸ್ತುತಿ ಇಲ್ಲ, ನಡುವಿಂದ ಶುರು ಮಾಡಿದ್ರ ಡೇರೇಕ ಬೆಂಕಿ ಇಡತಾರ ಜನ!’

‘ಇಡಲಿ. ನಾಳಿಂದ ನನಗ ಕೆಲಸ ಬ್ಯಾಡ ಸಾಹುಕಾರ್ರ. ಇವತ್ತ ಮಾತ್ರ ನನ್ನ ಕೈ ಹಿಡೀಬ್ಯಾಡ್ರಿ.’

ಅವನು ಹಿಡಿಯಲಿಲ್ಲ. ದೀಪದ ಎರಡು ಇದ್ದಿಲ ಕಡ್ಡಿಗಳ ನಡುವೆ ಬೆಳಕು ಹೊತ್ತಿಸಿ ಯಂತ್ರ ತಿರುಗಿಸಿದೆ. ನಡುವಿನಿಂದ ಶುರುವಾದದ್ದಕ್ಕೆ ಜನ ‘ಹೋ’ ಎಂದು ಕೂಗಿದರು, ಬೆಂಚು ಬಡಿದರು. ಹಾಡು ಬಂದಾಗ ಸುಮ್ಮನಾದರು. ದೇವಿಯ ಮುಖದ ಬೆಳಕು ಬಂತು, ಕರ್ಪೂರ ಹತ್ತಿತು. ನನ್ನ ಕಣ್ಣು ಮಾತ್ರ ಹಲ್ಲುಗಾಲಿಯ ಮೇಲಿತ್ತು. ಬೆಳಗಿನಿಂದ ಕಟ್ಟಿದ ಮೂವತ್ತು ತೇಪೆ ಒಂದೊಂದಾಗಿ ಟಕ್ ಟಕ್ ಎಂದು ದಾಟಬೇಕು. ಒಂದು ಕಚ್ಚಿಕೊಂಡರೂ ದೀಪದ ಕಾವಿಗೆ ಫಿಲ್ಮು ಅಲ್ಲೇ ಹೊತ್ತಿ ಉರಿಯಬಹುದು. ಎಲ್ಲವೂ ದಾಟಿದವು.

ಆಮೇಲೆ ಕಿಂಡಿಗೆ ಕಣ್ಣಿಟ್ಟೆ. ಪರದೆಯ ತುಂಬ ವೈದ್ಯ ಬಗ್ಗಿ ಮಗುವಿನ ಬಾಯಿಗೆ ರಸ ಹಿಂಡುತ್ತಿದ್ದ. ಕೆಳಗೆ ಅವಳು ಕತ್ತೆತ್ತಿ ನೋಡುತ್ತಿದ್ದಳು. ಚಿತ್ರದ ಮಗು ಕಣ್ಣು ಬಿಡುವ ತನಕವೂ ಕಾಯಲಿಲ್ಲ. ಕೌದಿ ಸಮೇತ ಮಗಳನ್ನು ಎತ್ತಿಕೊಂಡು ಜನರನ್ನು ತಳ್ಳುತ್ತಾ ನನ್ನ ಕೋಣೆಯ ಕಡೆಗೇ ಓಡಿ ಬಂದಳು. ‘ಮದ್ದು ಕೊಡಿಸ್ರೀ! ಅಮ್ಮ ಮದ್ದು ಕೊಡಿಸು ಅಂತಾಳ್ರೀ!’

ಸಾಹುಕಾರ ಒಂದು ಕ್ಷಣ ನನ್ನ ಮುಖ ನೋಡಿದ. ‘ನನ್ನ ಮಾರಿ ಏನು ನೋಡ್ತೀಯಲೇ? ಹತ್ತು!’ ಎಂದು ಲಾರಿಯ ಕಡೆ ಓಡಿದ. ಯಂತ್ರ ನಿಲ್ಲಿಸಿ ನಾನೂ ಹಾರಿದೆ, ಅವಳನ್ನೂ ಮುದುಕನನ್ನೂ ಲಾರಿಗೆ ಹತ್ತಿಸಿದೆ. ಆವತ್ತಿನ ಆಟ ಅಲ್ಲಿಗೇ ನಿಂತಿತು. ಹಿಂದೆ ಜನ ಬೈಯುತ್ತಿದ್ದದ್ದು ಬಹಳ ದೂರದ ತನಕ ಕೇಳುತ್ತಿತ್ತು.

ದಾರಿಯಲ್ಲಿ ಅವಳು ಹಾಡಲಿಲ್ಲ, ಅಳಲಿಲ್ಲ. ಮಗಳ ಮುಖಕ್ಕೆ ಗಾಳಿ ತಾಗದಂತೆ ಸೆರಗು ಹಿಡಿದು ಕೂತಿದ್ದಳು. ತುಟಿ ಮಾತ್ರ ಏನನ್ನೋ ಲೆಕ್ಕ ಹಾಕುವಂತೆ ಅಲ್ಲಾಡುತ್ತಿತ್ತು.

ಬಳ್ಳಾರಿ ದವಾಖಾನೆಯಲ್ಲಿ ಒಬ್ಬರು ಹೆಣ್ಣು ಡಾಕ್ಟರಿದ್ದರು. ಬೈಯಲಿಲ್ಲ, ಪ್ರಶ್ನೆ ಹೆಚ್ಚು ಕೇಳಲಿಲ್ಲ. ಸೂಜಿ ಚುಚ್ಚಿದರು, ಮೂರು ತಾಸಿಗೆ ಇನ್ನೊಂದು ಚುಚ್ಚಿದರು, ಮಂಚದ ಪಕ್ಕವೇ ಸ್ಟೂಲು ಹಾಕಿಕೊಂಡು ಕೂತರು. ಕೋಳಿ ಕೂಗುವ ಹೊತ್ತಿಗೆ ಎದ್ದು ಹುಡುಗಿಯ ಕಣ್ಣು ಮುಚ್ಚಿದರು.

ಮುದುಕ ಗೋಡೆಗೆ ತಲೆ ಚಚ್ಚಿಕೊಂಡ. ಸಾಹುಕಾರ ಅವನನ್ನು ತಬ್ಬಿ ಹೊರಗೆ ಕರೆದುಕೊಂಡು ಹೋದ. ಹೋಗುವಾಗ ನನ್ನ ಕಿವಿಯಲ್ಲಿ, ‘ಆ ತುಂಡಿನ ಮಾತು ತೆಗೀಬ್ಯಾಡ ಮಾರಾಯ. ಈಗ ಹೇಳಿ ಏನು ಬಂತು?’ ಅಂದ. ನಾನೂ ಹಾಗೇ ಅಂದುಕೊಂಡಿದ್ದೆ. ಏನು ಬಂತು?

ವರಾಂಡದಲ್ಲಿ ಅವಳು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಬೆಳಕು ಹರಿಯುತ್ತಿತ್ತು. ನನ್ನನ್ನು ನೋಡಿ, ಹತ್ತಿರ ಬಾ ಎಂಬಂತೆ ಕೈ ಮಾಡಿದಳು. ಹೋಗಿ ನೆಲದ ಮೇಲೆ ಕೂತೆ.

‘ನೀ ಹೇಳಿದ್ದು ಖರೇ ಅಪಾ,’ ಅಂದಳು. ಬಹಳ ಸಣ್ಣ ದನಿ. ‘ಮದ್ದು ಕುಡಿಸೂದು ಇತ್ತು. ಅಮ್ಮ ತೋರಿಸಿದ್ಲು, ನಾನ ಕಣ್ಣು ಮುಚ್ಚಿಬಿಟ್ಟೆ. ದಾರ್ಯಾಗ ಅದನ್ನ ನೆನಸಾಕತ್ತಿದ್ದೆ. ಮೊದಲ ದಿನ ಎಲ್ಲಿ ಕೂತಿದ್ದೆ, ಎರಡನೇ ದಿನ ಎಲ್ಲಿ ಕೂತಿದ್ದೆ. ಮೂರೂ ಸಲ ಹೆಂಗ ಮುಚ್ಚಿದೆ? ಮೂರೂ ಸಲ ಮುಚ್ಚಿ ನನ್ನ ಕೂಸಿನ್ನ ನಾನ ಕೊಂದ್ನೆಲ್ಲ.’

ಸಾಹುಕಾರ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

‘ಇಲ್ಲವ್ವ,’ ಅಂದೆ. ‘ನೀ ಕಣ್ಣು ಮುಚ್ಚಿದ್ದಿಲ್ಲ. ಅದು ನನ್ನ ಡಬ್ಬಿಯಾಗ ಇತ್ತು.’